ಹೊಂಗೆ ಬುಡದ ಎರಡನೆಯ ಅಚ್ಚು

ಸತ್ತವರು ಬರುತ್ತಾರೆ, ಪಾತ್ರೆ ತಾನಾಗಿ ಅಲುಗುತ್ತದೆ ಎಂದೆಲ್ಲ ಯಾರಾದರೂ ಹೇಳತೊಡಗಿದರೆ ನಾನು ಕಾಫಿಗೆ ನೀರಿಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ಬುದ್ಧಿ; ವಾದ ಮಾಡುವುದಿಲ್ಲ, ನಂಬುವುದೂ ಇಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಅಕ್ಕನ ಮನೆಯಲ್ಲಿ ಒಂದು ಸಂಜೆ ಕಂಡದ್ದನ್ನು ಅಲ್ಲಗಳೆಯಲೂ ಆಗಿಲ್ಲ.

ಅಕ್ಕ ಇರುವುದು ಕೆಂಪಾಪುರದಲ್ಲಿ. ಮರದ ಹಲಗೆಯ ಮೇಲೆ ಎಲೆ, ಹಕ್ಕಿ, ಕೆರೆಯ ಜೊಂಡು ಕೆತ್ತಿ ಕಾಗದಕ್ಕೆ ಅಚ್ಚು ತೆಗೆಯುವುದು ಅವಳ ಕೆಲಸ. ವಿಮಾನ ನಿಲ್ದಾಣದ ರಸ್ತೆ ಅಗಲವಾಗುತ್ತಿದ್ದ ವರ್ಷಗಳಲ್ಲಿ ಅವಳು ಕೆತ್ತಿದ ಮರಗಳೆಲ್ಲ ಒಂದೊಂದಾಗಿ ಉರುಳಿದವು. ಬೆರಳಿನ ಗಂಟುಗಳ ನೋವು ಬೇರೆ.

"ಸಾಕಾಯ್ತು ಕಣೆ. ನಾನು ಕೆತ್ತೋದು, ಅವರು ಕಡಿಯೋದು. ಬಿಟ್ಬಿಡ್ತೀನಿ," ಎಂದಳು. ಮದುವೆಯಾಗದೆ ಅದೊಂದನ್ನೇ ನೆಚ್ಚಿಕೊಂಡು ಬದುಕಿದವಳು. ಅದನ್ನೂ ಬಿಟ್ಟರೆ ಏನಾಗುತ್ತಾಳೋ ಎಂಬ ಭಯ ನನ್ನದು.

ಮಳೆಗಾಲಕ್ಕೆ ಮುಂಚೆ ಅವಳ ಗೇಟಿನೆದುರಿನ ಹೊಂಗೆಯನ್ನೂ ಕಡಿದರು. ಮರುದಿನ ಅಕ್ಕ ಅದರ ಬುಡವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕಪ್ಪು ಮಸಿ ಸವರಿ, ತೆಳು ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಅಚ್ಚು ತೆಗೆದಳು. ಮರದ ವರ್ಷಗಳೆಲ್ಲ ಉಂಗುರ ಉಂಗುರವಾಗಿ ಕಾಗದಕ್ಕೆ ಇಳಿದವು. ಇದೇ ಕೊನೆಯದು ಎಂದಳು.

ಮಳೆಗಾಲ ಕಳೆದ ಮೇಲೊಂದು ದಿನ, ಬುಡ ಕೀಳಲು ಮರುದಿನ ಬೆಳಿಗ್ಗೆ ಯಂತ್ರ ಬರುತ್ತದೆಂದು ಗೊತ್ತಾಯಿತು. ಇನ್ನೊಂದು ತೆಗೆದಿಡೋಣ ಎಂದು ನಾನೇ ಒತ್ತಾಯ ಮಾಡಿದೆ. ಅವಳ ಬೆರಳು ಬಗ್ಗದ್ದರಿಂದ ಈ ಸಲ ತಿಕ್ಕಿದ್ದೂ ನಾನೇ. ಹೋಗುತ್ತಿದ್ದ ಆಟೋದವನೊಬ್ಬ ನಿಧಾನ ಮಾಡಿ, "ಏನ್ ಮೇಡಂ, ಮರಕ್ಕೆ ಮಸಾಜಾ? ಎದ್ದು ಬರುತ್ತಾ ಅದು?" ಎಂದ.

"ಬಂದ್ರೆ ನಿಮ್ಮ ಆಟೋಲೇ ಕಳಿಸ್ತೀನಿ, ಮೀಟರ್ ಹಾಕ್ಬೇಕು ಅಷ್ಟೆ," ಎಂದಳು ಅಕ್ಕ.

ಸಂಜೆ ಎರಡೂ ಅಚ್ಚುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆವು. ನಡುವಿನ ಸೀಳು, ಗಂಟು, ಗೆರೆಗಳು ಒಂದಕ್ಕೊಂದು ಸರಿಯಾಗಿ ಕೂತವು. ಅಂಚಿನಲ್ಲಿ ಮಾತ್ರ, ತೊಗಟೆಗೆ ತಾಗಿ, ಹೊಸ ಅಚ್ಚಿನಲ್ಲಿ ಇನ್ನೊಂದು ಉಂಗುರವಿತ್ತು. ಕೂದಲೆಳೆಯಷ್ಟು ತೆಳು, ಆದರೆ ಸುತ್ತು ಪೂರ್ತಿಯಾಗಿತ್ತು.

"ನಾನೇ ಕಾಗದ ಜರುಗಿಸಿರ್ತೀನಿ," ಎಂದೆ.

"ಜರುಗಿದ್ರೆ ಎಲ್ಲ ಗೆರೆನೂ ಜೋಡಿಯಾಗ್ಬೇಕು. ಇದೊಂದೇ ಯಾಕಾಗುತ್ತೆ?" ಅವಳ ದನಿಯಲ್ಲಿ ಆಶ್ಚರ್ಯಕ್ಕಿಂತ ಸುಸ್ತೇ ಹೆಚ್ಚಿತ್ತು.

ಟಾರ್ಚ್ ಹಿಡಿದು ಹೊರಗೆ ಹೋದೆವು. ಬುಡದಲ್ಲಿ ಒಂದು ಚಿಗುರೂ ಇರಲಿಲ್ಲ. ಅಂಚಿನಲ್ಲಿ ಬೆರಳಾಡಿಸಿದೆ, ಆ ಗೆರೆ ಕೈಗೆ ಸಿಕ್ಕಿತು. ಬೆರಳು ಒದ್ದೆಯಾಯಿತು. ಮಸಿಯಲ್ಲ, ನೀರಿನಂಥದ್ದು, ಹಸಿ ಹೊಂಗೆಯ ಕಹಿ ವಾಸನೆ. ಮಳೆ ನಿಂತು ಬಹಳ ದಿನವಾಗಿತ್ತು.

ಬೆಳಿಗ್ಗೆ ಯಂತ್ರ ಬಂದು ಬುಡವನ್ನು ಕಿತ್ತು ಲಾರಿಗೆ ಹಾಕಿತು.

ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ ಸಹಿ ಮಾಡುವುದು ಅಚ್ಚು ತೆಗೆಯುವವರ ಪದ್ಧತಿ. ಮೊದಲನೆಯದಕ್ಕೆ ಅಕ್ಕ ಮಾಡಿದಳು. ಎರಡನೆಯದನ್ನು ಬಹಳ ಹೊತ್ತು ನೋಡಿ ನನ್ನ ಕಡೆ ಸರಿಸಿದಳು.

"ಆ ಗೆರೆ ನಾನು ಮಾಡಿದ್ದಲ್ಲ. ನೀನೂ ಅಲ್ಲ. ಯಾರ ಸಹಿ ಹಾಕ್ಲಿ, ಹೇಳು."

ಆಮೇಲೆ ಅವಳು ಬಿಡುವ ಮಾತಾಡಿಲ್ಲ. ಸಂತೋಷದಿಂದ ಮಾಡುತ್ತಾಳೆ ಎಂದೂ ಹೇಳಲಾರೆ. ಬೆರಳಿಗೆ ಮುಲಾಮು ಹಚ್ಚಿಕೊಂಡು, ಕಡಿದ ಬುಡ ಕಂಡಲ್ಲೆಲ್ಲ ಕಾಗದ ಹಾಸುತ್ತಾಳೆ. ಅಂಥ ಗೆರೆ ಮತ್ತೆ ಬಂದಿಲ್ಲ.

ಸಹಿಯಿಲ್ಲದ ಆ ಕಾಗದ ಆರ್.ಟಿ. ನಗರದ ನಮ್ಮ ಮನೆಯ ಬೀರುವಿನಲ್ಲಿದೆ. ಬೀರು ಒರೆಸುವಾಗ ಹೊರತೆಗೆದು, ಧೂಳು ಕೊಡವಿ, ಮತ್ತೆ ಇಡುತ್ತೇನೆ. ಇನ್ನೊಂದು ಉಂಗುರ ಹೆಚ್ಚಾಗಿದೆಯೇ ಎಂದು ಎಣಿಸಿ ನೋಡಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.