ಎರಡನೆಯ ಬಾಟ್ಲಿ

ಶಿಗ್ಗಾಂವಿಯ ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿ ನಮ್ಮ ಹಿರಿಯ ಗುಮಾಸ್ತರದು. ರಕ್ತ, ಮೂತ್ರ, ಗಂಟಿನ ಚೂರು, ಏನೇ ಬರಲಿ, ಆ ಪರೀಕ್ಷೆಗೆ ತಕ್ಕ ಬಿಲ್ಲಿನ ಕೋಡ್ ಆರಿಸುವುದು ಅವರ ಕೆಲಸ. ಕನ್ನಡಕವನ್ನು ಹಣೆಗೇರಿಸಿ, ಡಾಕ್ಟರ ಚೀಟಿಯನ್ನು ಮೂಗಿಗೆ ತಾಗಿಸಿಕೊಂಡು, "ತಡೀರಿ, ಬಾಟ್ಲಿ ನೋಡೂಣು" ಎನ್ನುತ್ತಿದ್ದರು. ಚಹಾದ ಹೊತ್ತಿಗೆ ನಾನು ಅದನ್ನೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ನನ್ನ ಮೂಗು ಅವರದಕ್ಕಿಂತ ದೊಡ್ಡದು, ಹಾಗಾಗಿ ಅಭಿನಯ ಚೆನ್ನಾಗಿಯೇ ಬರುತ್ತಿತ್ತು.

ಒಮ್ಮೆ ಅವರು ಊಟಕ್ಕೆ ಹೋದಾಗ, ದುಂಡಸಿಯ ಹೆಂಗಸೊಬ್ಬರ ಎದೆಯಿಂದ ತೆಗೆದ ಗಂಟಿನ ಚೂರುಗಳು ಒಂದು ಚೀಲದಲ್ಲಿ ಬಂದವು. ರೋಗಿ ಒಬ್ಬರು, ಚೀಟಿ ಒಂದು ಎಂದು ನಾನು ಒಂದೇ ಕೋಡ್ ಹಾಕಿದೆ. ಅವರು ಕೈ ಒರೆಸಿಕೊಳ್ಳುತ್ತ ಬಂದು ಚೀಲ ಬಿಚ್ಚಿದರು. ಒಳಗೆ ಎರಡು ಬಾಟ್ಲಿಗಳಿದ್ದವು.

"ಆಕಿ ಒಬ್ಬಾಕಿನ ಅದಾಳಲ್ರೀ ಸರ," ಎಂದೆ.

"ಖರೇ ತಮ್ಮಾ, ಗಂಟು ಎರಡ ಅದಾವು. ಒಂದ ಕೋಡ್ ಹೋದ್ರ ಹುಬ್ಬಳ್ಳಿ ದೊಡ್ಡ ಲ್ಯಾಬಿನ್ಯಾಗ ಒಂದನ್ನ ನೋಡ್ತಾರ. ಇನ್ನೊಂದು ಬಾಟ್ಲ್ಯಾಗ ಕುಂತ ಇರತೈತಿ."

ಡಾಕ್ಟರಿಗೆ ಫೋನ್ ಮಾಡಿ, ಎರಡೂ ಬೇರೆ ಬೇರೆ ಜಾಗದವೆಂದು ಕೇಳಿಕೊಂಡು, ಒಂದೊಂದಕ್ಕೂ ಪ್ರತ್ಯೇಕ ಕೋಡ್ ಹಾಕಿದರು.

ವಾರದ ಮೇಲೆ ವರದಿ ಬಂತು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಕ್ಯಾನ್ಸರ್ ಇತ್ತು, ಇನ್ನೂ ಶುರುವಿನದು, ವಾಸಿಯಾಗುವಂಥದು. ಅವರು ಎರಡು ಸಲ ಓದಿ ಫೋನ್ ಎತ್ತಿದರು. "ಡಾಕ್ಟರ, ಆ ದುಂಡಸಿ ಅಕ್ಕಾರನ್ನ ಇವತ್ತ ಕರಸ್ರಿ."

ಫೋನಿಟ್ಟು ನನ್ನತ್ತ ತಿರುಗಿದರು. "ಯಾಕಪಾ, ಎದ್ದ ನಿಂತಿ?"

ಎದ್ದದ್ದು ಯಾವಾಗ ಎಂದು ನನಗೇ ತಿಳಿದಿರಲಿಲ್ಲ.