ಮಿಶಿನ್ ತಪ್ಪು ಮಾಡಕ್ಕಿಲ್ಲ

ನಮ್ಮಣ್ಣ ಪುಟ್ಟರಾಜು ಮನುಷ್ಯರನ್ನು ಬರಿಗಣ್ಣಿನಲ್ಲಿ ನೋಡಿದ್ದು ಕಡಿಮೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೊಂದು ಅವನ ಹಣೆಯ ಮೇಲೆ ಸದಾ ಇರುತ್ತಿತ್ತು. ಮದುವೆಮನೆಗೂ ಅದನ್ನು ಕಟ್ಟಿಕೊಂಡೇ ಬರುತ್ತಿದ್ದ. ಹಪ್ಪಳ ಬಡಿಸುವವನು ಎದುರಿಗೆ ನಿಂತರೂ ಸರಿ, ಗಾಜನ್ನು ಕಣ್ಣಿಗಿಳಿಸಿ ನೋಡಿ, ಇವನಲ್ಲಿ ಎಲ್ಲಿ ಲೂಸ್ ಆಗಿದೆ ಎಂದು ಒಳಗೊಳಗೇ ತೀರ್ಮಾನ ಮಾಡುತ್ತಿದ್ದ.

ಹೊಳೇನರಸೀಪುರದ ಪೇಟೆಯಲ್ಲಿ ನಮ್ಮ ಅಂಗಡಿ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ. ಅಣ್ಣ ಎಸೆಸೆಲ್ಸಿಗೆ ಮೂರು ಸಲ ಕೂತವನು. ನಾನು ಏಳಕ್ಕೇ ಬಿಟ್ಟವಳು. ಹಾಗಾಗಿ ನಮ್ಮಿಬ್ಬರಲ್ಲಿ ಅವನು ವಿದ್ಯಾವಂತ. ಅವನು ಯಂತ್ರ ಬಿಚ್ಚಿದಾಗ ಅಂಗಡಿಯ ಫ್ಯಾನು ನಿಲ್ಲಬೇಕು, ಬಂದವರು ಸೀನಬಾರದು. ಅವನ ಮಂತ್ರ ಒಂದೇ: "ಮಿಶಿನ್ ತಪ್ಪು ಮಾಡಕ್ಕಿಲ್ಲ, ಮನ್ಸ ಮಾಡ್ತಾನೆ. ನಾನು ಮಾಡಕ್ಕಿಲ್ಲ." ಕೊನೆಯ ಮಾತು ಹೇಳುವಾಗ ಗಾಜನ್ನು ಹಣೆಗೇರಿಸುತ್ತಿದ್ದ, ಪೊಲೀಸಿನವರು ಟೋಪಿ ಸರಿಮಾಡಿಕೊಂಡ ಹಾಗೆ.

ಅರಕಲಗೂಡಿನವರೊಬ್ಬರು ಒಮ್ಮೆ ರಿಪೇರಿಯಾದ ಟೇಪ್ ರೆಕಾರ್ಡರನ್ನು ವಾಪಸು ಹೊತ್ತು ತಂದರು. ಎಡಗಡೆ ಸ್ಪೀಕರು ಸದ್ದೇ ಮಾಡುತ್ತಿರಲಿಲ್ಲ. ಅಣ್ಣ ಗಾಜಿಳಿಸಿ ನೋಡಿದ್ದು ಸ್ಪೀಕರನ್ನಲ್ಲ, ಅವರ ಕಿವಿಯನ್ನು.

"ಸ್ಪೀಕ್ರು ಸರ್ಯಾಗೈತೆ ಸಾ. ನಿಮ್ ಎಡಗಿವಿ ಮಂದ. ಆಸನಕ್ಕೋಗಿ ತೋರುಸ್ಕಂಡ್ ಬನ್ನಿ."

ಆ ಪುಣ್ಯಾತ್ಮರು ನಿಜವಾಗಿ ಹಾಸನಕ್ಕೆ ಹೋದರು. ಡಾಕ್ಟರು ಆ ಕಿವಿಯಿಂದ ಕಡಲೆಕಾಳಿನಷ್ಟು ಗುಗ್ಗೆ ತೆಗೆದರಂತೆ. ಅಷ್ಟರಲ್ಲಿ ನಾನು ಸ್ಪೀಕರಿನ ಕಿತ್ತುಹೋದ ತಂತಿಯನ್ನು ಬೆಸುಗೆ ಹಾಕಿಟ್ಟಿದ್ದೆ. ಅವರು ಬಂದು ಕೇಳಿ, ಅಣ್ಣನಿಗೆ ಕೈಮುಗಿದು ಹೋದರು. ಅಣ್ಣ ನನ್ನ ಕಡೆ ತಿರುಗಿ, "ಕಂಡ್ಯಾ ಅಮ್ಮಿ?" ಅಂದ. ಕಂಡೆ ಅಂದೆ.

ನನ್ನ ಕೆಲಸ ಹೆಡ್ ಒರೆಸುವುದು. ಟೇಪು ಉಜ್ಜಿಕೊಂಡು ಹೋಗುವ ಹೊಳೆಯುವ ತುಂಡಿಗೆ ಹೆಡ್ ಅನ್ನುತ್ತಾರೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹತ್ತಿಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಅದನ್ನು ಒತ್ತಿ ಒರೆಸಬೇಕು. ಹೆಡ್ ಒರೆಸದೆ ಯಾವ ಯಂತ್ರವೂ ಅಂಗಡಿಯ ಮೆಟ್ಟಿಲು ಇಳಿಯಕೂಡದೆಂಬುದು ಅಣ್ಣನದೇ ಕಾನೂನು. ಹನ್ನೊಂದು ವರ್ಷ ಒರೆಸಿದೆ. ಚೆನ್ನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. "ಇನ್ನೊಂದ್ ಕಿತ ಒರಸು" ಅನ್ನುವುದೇ ಅವನ ಶಹಬಾಸು.

ಆಮೇಲೆ ಧರಣೇಂದ್ರಯ್ಯ ಬಂದರು. ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಜೈನರು. ಅಳಿಯ ಹೊರದೇಶದಿಂದ ತಂದುಕೊಟ್ಟಿದ್ದ ಅಂಗೈಯಗಲದ ರೆಕಾರ್ಡರೊಂದು ಅವರ ಕೈಯಲ್ಲಿತ್ತು. ಟೇಪಿಲ್ಲ, ಒಳಗೆ ಪುಟ್ಟ ಡಿಸ್ಕು. ಹಾಡು ತಡವರಿಸುತ್ತಿತ್ತು.

"ಅಮ್ಮಂಗೆ ಗಂಟ್ಲ ಆಪರೇಶನ್ನು, ಸೋಮವಾರ. ಆಮೇಲೆ ದನಿ ಬರಲ್ಲ ಅಂದಿದ್ದಾರೆ. ಅವರ ಹಾಡು ಬೇರೆ ಯಾರಿಗೂ ಬರಲ್ಲ ಪುಟ್ಟರಾಜು. ಭಾನುವಾರ ಹಾಡಿಸಿ ಹಿಡಿದಿಟ್ಕೋಬೇಕು" ಅಂದರು.

ಅಣ್ಣ ಅಂಥ ಯಂತ್ರವನ್ನು ಅದುವರೆಗೆ ಕಂಡಿರಲಿಲ್ಲ. "ಇಂತಾವು ಬೇಕಾದಷ್ಟು ನೋಡಿವ್ನಿ" ಅಂದ. ಆದರೆ ನಿಜ ಹೇಳಬೇಕು, ಮೂರು ದಿನ ಅದರ ಮುಂದೆ ಕೂತು ಕಲಿತ. ಕೆಳಗಿನಿಂದ ಒಂದು ಬೆಳಕು ಡಿಸ್ಕನ್ನು ಕಾಯಿಸುತ್ತದೆ. ಮೇಲಿನಿಂದ ಕೂದಲಿನಂಥ ತೋಳಿನ ತುದಿಯ ಅಯಸ್ಕಾಂತ ಅದರ ಮೇಲೆ ದನಿ ಬರೆಯುತ್ತದೆ. ಹಾಡಿಸಿ ಕೇಳುವುದಕ್ಕೆ ಬೆಳಕೊಂದೇ ಸಾಕು. ಬರೆಯುವುದಕ್ಕೆ ಎರಡೂ ಬೇಕು. ಗುಂಡಿಗಳನ್ನು ಯಾವುದೋ ಕ್ರಮದಲ್ಲಿ ಒತ್ತಿದರೆ ಪುಟ್ಟ ಪರದೆಯ ಮೇಲೆ ಅಂಕಿಗಳು ಬರುತ್ತಿದ್ದವು. ಆ ಅಂಕಿಯನ್ನು ಒಂದೊಂದಾಗಿ ಏರಿಸಿ ಬೆಳಕಿನ ಬಲ ಹೊಂದಿಸಿದ. ಪ್ರತಿ ಸಲವೂ ಮೈಕು ಹಿಡಿದು ನಾಲ್ಕು ಮಾತಾಡಿ, ವಾಪಸು ಕೇಳುತ್ತಿದ್ದ. ಶನಿವಾರ ಮಧ್ಯಾಹ್ನ ಅವನ ದನಿ ಒಂದು ಚೂರೂ ತಡವರಿಸದೆ ಬಂತು.

"ಆಯ್ತು. ಇದುಕ್ ಮಾತ್ರ ನೀ ಕೈ ಇಕ್ಕಬ್ಯಾಡ ಕಣಮ್ಮಿ. ಇದು ಓದ್ದೋರ ಮಿಶಿನ್ನು" ಎಂದು ಹೇಳಿ ಕಾಫಿಗೆ ಹೋದ.

ಓದಿದವನಂತೆ! ನಾನು ಮುಚ್ಚಳ ತೆಗೆದೆ. ತೋಳಿನ ತುದಿಯಲ್ಲಿ ಹೊಳೆಯುವ ತುಂಡು. ಹೆಡ್ಡಲ್ಲದೆ ಇನ್ನೇನು? ಕಡ್ಡಿಗೆ ಹತ್ತಿ ಸುತ್ತಿದೆ, ಅದ್ದಿದೆ, ಹನ್ನೊಂದು ವರ್ಷ ಒತ್ತಿದ ಹಾಗೆಯೇ ಒತ್ತಿದೆ. ತೋಳು ಬಾಗಿತು. ಉಗುರಿನಲ್ಲಿ ಮೀಟಿ ನೇರ ಮಾಡಿದೆ. ಗುಂಡಿ ಒತ್ತಿದರೆ ಅಣ್ಣನ ದನಿ ಸ್ವಚ್ಛವಾಗಿಯೇ ಕೇಳಿಸಿತು. ಕೆಟ್ಟಿಲ್ಲ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಲು ಇಷ್ಟಪಟ್ಟೆನೋ. ಸಂಜೆ ಧರಣೇಂದ್ರಯ್ಯ ಬಂದು, ಒಳಗಿದ್ದ ಡಿಸ್ಕಿನ ಸಮೇತ ಒಯ್ದರು.

ಹದಿನೈದು ದಿನದ ಮೇಲೆ ಮತ್ತೆ ಬಂದರು. ಬೈಯಲಿಲ್ಲ. ಯಂತ್ರವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಅಣ್ಣನ ದನಿ ಬಂತು: "ಅಲೋ, ಅಲೋ, ಒಳೇನರಸೀಪುರ. ಮಿಶಿನ್ ತಪ್ಪು ಮಾಡಕ್ಕಿಲ್ಲ, ಮನ್ಸ ಮಾಡ್ತಾನೆ. ನಾನು ಮಾಡಕ್ಕಿಲ್ಲ." ಅದಾದ ಮೇಲೆ ಏನೂ ಇಲ್ಲ.

"ಭಾನುವಾರ ಅಮ್ಮ ಒಂದು ಗಂಟೆ ಹಾಡಿದ್ರು. ಪರದೆ ಮೇಲೆ ಟೈಮು ಓಡ್ತಿತ್ತು. ಸುಸ್ತಾಗಿ ಮಲಗಿದ್ರು, ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋದ್ವಿ. ವಾಪಸ್ ಬಂದು ಹಾಕಿದ್ರೆ ನೀವು" ಅಂದರು. ಯಂತ್ರ ಆರಿಸಿ, "ಅಮ್ಮ ಕೇಳಿ ನಕ್ರು. ಸದ್ದಿಲ್ಲ. ಭುಜ ಅಷ್ಟೇ ಅಲ್ಲಾಡ್ತು."

ಅಣ್ಣ ಈಗ ಕರೆಂಟಿನ ಮೇಲೆ ಹೇಳುತ್ತಾನೆ, ಇಲ್ಲ ಜಪಾನಿನವರ ಮೇಲೆ, ಇಲ್ಲ ಆ ಮುದುಕಿಯ ಗಂಟಲಿನ ಮೇಲೆಯೇ ಹೇಳುತ್ತಾನೆ ಎಂದು ನಾನು ಕಾದೆ. ಹೇಳಲಿ ಎಂದು ಬೇಡಿಕೊಂಡೆ. ಅವನು ಗಾಜಿಳಿಸಿ, ಮುಚ್ಚಳ ತೆಗೆದು, ಬಹಳ ಹೊತ್ತು ನೋಡಿದ.

"ತೋಳು ಬಗ್ಗೈತೆ. ಡಿಸ್ಕ್ ಮುಟ್ತಾ ಇಲ್ಲ. ಮುಚ್ಚಳ ಆಕುವಾಗ ನಾನೇ ಒತ್ಬುಟ್ಟಿವ್ನಿ. ನನ್ ಕೈ ತಪ್ಪು ಸಾ."

ನಾನು ಹಿಂದೆಯೇ ನಿಂತಿದ್ದೆ. ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಬಾಯಿ ಬಿಟ್ಟರೆ ಅಣ್ಣ ರಿಪೇರಿ ಮೇಜಿನಿಂದ ನನ್ನನ್ನು ಎಬ್ಬಿಸುತ್ತಾನೆ. ಮೇಜು ಹೋದರೆ ನನಗೆ ಉಳಿಯುವುದು ಅಡುಗೆಮನೆ. ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದೆ.

ಅಂದಿನಿಂದ ಅಣ್ಣ ರೆಕಾರ್ಡರು ಮುಟ್ಟಲಿಲ್ಲ. ಮಿಕ್ಸಿ, ಗ್ರೈಂಡರಿಗೆ ಇಳಿದ. ಗಾಜು ಮೊಳೆಗೆ ನೇತುಬಿತ್ತು. ಯಾರಾದರೂ ದೂರು ತಂದರೆ, "ನೋಡ್ತೀನಿ, ನಂದೇ ತಪ್ಪಿರ್ಬೋದು" ಅನ್ನತೊಡಗಿದ. ಪುಟ್ಟರಾಜು ಎಷ್ಟು ಒಳ್ಳೆಯವನಾದ ಎಂದು ಪೇಟೆಯವರೆಲ್ಲ ಕೊಂಡಾಡಿದರು. ಆ ಒಳ್ಳೆಯವನ ಜೊತೆ ಕೂತು ಕೆಲಸ ಮಾಡುವುದು ನನಗೆ ದಿನವೂ ಶಿಕ್ಷೆಯಾಯಿತು. ಹಳೆಯ ಬಡಾಯಿಗಾರನಾಗಿದ್ದರೆ ಎಂದೋ ಜಗಳದಲ್ಲಿ ಹೇಳಿಬಿಡುತ್ತಿದ್ದೆ.

ಹೋದ ವರ್ಷ ಅಣ್ಣ ಹಾಸನದ ಆಸ್ಪತ್ರೆಯಲ್ಲಿದ್ದ. ಈ ಸಲ ಹೇಳಿಯೇ ತೀರಬೇಕು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ನಾನು ಕೂರುವುದರೊಳಗೆ ಅವನೇ ಶುರುಮಾಡಿದ.

"ಆಯಮ್ಮನ್ ಆಡು ಓಯ್ತಲ್ಲ ಕಣಮ್ಮಿ, ನನ್ನಿಂದ."

"ಓಗ್ಲಿ ಬುಡಣ್ಣ. ಯಾರ್ ಕೈಲಾದ್ರೂ ಆಯ್ತದೆ."

"ನಿನ್ ಕೈಲಾಯ್ತಿರ್ನಿಲ್ಲ. ನಿಂದು ಅಗೂರ ಕೈ. ಅವತ್ತು ನಿಂಗೇ ಕೊಡ್ಬೇಕಿತ್ತು."

ಹೆಡ್ ಒರೆಸುತ್ತ ಹನ್ನೊಂದು ವರ್ಷ ಕಾದಿದ್ದ ಮಾತು ಅದು. ನಾನು ಹೂಂ ಅಂದೆ. ಅವನ ಹೊದಿಕೆ ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಆ ವಾರದಲ್ಲೇ ಅವನು ಹೋದ.

ಅಣ್ಣ ಬದುಕಿನಲ್ಲಿ ಮನಸಾರೆ ಒಪ್ಪಿಕೊಂಡದ್ದು ಒಂದೇ ತಪ್ಪು. ಅದು ಅವನದಲ್ಲ. ನಾನು ದೊಡ್ಡ ಮನಸ್ಸು ಮಾಡಿ, ಅದನ್ನು ಕ್ಷಮಿಸಿ ಕಳಿಸಿದೆ.