ಐಸ್ ಪೆಟ್ಟಿಗೆಯಲ್ಲೊಂದು ಮೂಲೆ

ಕೇರಿಯವರೆಲ್ಲ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಮೀನು ಮಾರುವ ಹನ್ನೆರಡು ಹೆಂಗಸರ ಸಂಘದಲ್ಲಿ ಓದುಬರಹ ನೆಟ್ಟಗೆ ಬರುತ್ತಿದ್ದುದು ಅವಳೊಬ್ಬಳಿಗೇ. ಹಾಗಾಗಿ ಹಾಜರಿ ಪುಸ್ತಕ ಅವಳ ಕೈಯಲ್ಲಿತ್ತು. ಹಾಜರಿ ಅಂದರೆ ಸುಮ್ಮನೆ ಅಲ್ಲ ಮತ್ತೆ. ಅಡವಿಡಲು ಚೂರು ಬಂಗಾರವೂ ಇಲ್ಲದ ಈ ಹೆಂಗಸರಿಗೆ ಸಾಲ ಕೊಡಲು ಬ್ಯಾಂಕು ನಂಬುತ್ತಿದ್ದುದು ಆ ಪುಸ್ತಕವೊಂದನ್ನೇ. ಮೂರು ಸಭೆ ತಪ್ಪಿಸಿದವಳು ಸಾಲದ ಸರದಿಯಲ್ಲಿ ಕೊನೆಗೆ ಹೋಗಬೇಕು.

ಆ ಸಲದ ಸರದಿ ಅವಳ ಓರಗಿತ್ತಿಯದು, ಅಂದರೆ ಮೈದುನನ ಹೆಂಡತಿಯದು. ಮೈದುನನ ದೋಣಿಯ ಎಂಜಿನ್ ಕೆಟ್ಟು ಕೂತಿತ್ತು. ಅದರ ನಂತರದ ಸರದಿ ಲೆಕ್ಕದಕ್ಕನದೇ. ಓರಗಿತ್ತಿ ಜ್ವರ ಬಂದು ಮಲಗಿ ಎರಡು ಸಭೆ ತಪ್ಪಿಸಿದ್ದಳು. ಮೂರನೆಯದಕ್ಕೆ ಅರ್ಧ ಗಂಟೆ ತಡವಾಗಿ, ಏದುಸಿರು ಬಿಡುತ್ತ ಬಂದಳು. ತಡ ಯಾಕಾಯಿತು? ಸಭೆ ಶುರು ಮಾಡಬೇಕೆಂದು ಲೆಕ್ಕದಕ್ಕ ಮಾರ್ಕೆಟ್ಟಿನಲ್ಲೇ ಬಿಟ್ಟು ಬಂದಿದ್ದ ಬುಟ್ಟಿಯನ್ನೂ ಖಾಲಿ ಮಾಡಿ, ದುಡ್ಡು ಗಂಟು ಕಟ್ಟಿಕೊಂಡು ಬಂದಿದ್ದಳು, ಪುಣ್ಯಾತ್ಗಿತ್ತಿ. ಲೆಕ್ಕದಕ್ಕ ಆ ದುಡ್ಡು ಎಣಿಸಿ ತೆಗೆದುಕೊಂಡಳು. ಅದೇ ಕೈಯಲ್ಲಿ ಪೆನ್ನು ಹಿಡಿದು ಓರಗಿತ್ತಿಯ ಹೆಸರಿನ ಮುಂದೆ ಗೈರು ಎಂದು ಬರೆದಳು! ಬೇರೆಯವರು ತಡವಾದಾಗೆಲ್ಲ ಹಾಜರಿ ಹಾಕುತ್ತಿದ್ದವಳಿಗೆ ತಡವಾದರೆ ಗೈರು ಎಂಬ ನಿಯಮ ಆವತ್ತೇ ನೆನಪಾಯಿತು ನೋಡಿ.

ಸಾಲ ಲೆಕ್ಕದಕ್ಕನಿಗೆ ಬಂತು. ಇಬ್ಬರು ಹಿಡಿದು ಎತ್ತುವಂಥ ಐಸ್ ಪೆಟ್ಟಿಗೆ ಮನೆಗೆ ಬಂತು. ಓರಗಿತ್ತಿ ಎಂಜಿನ್ ರಿಪೇರಿಯ ಸಾಲಕ್ಕೆ ಮೀನಿನ ದಲಾಲಿಯ ಹತ್ತಿರ ಹೋದಳು. ಅವನು ಬಡ್ಡಿ ಕೇಳಲಿಲ್ಲ, ಅಡವೂ ಕೇಳಲಿಲ್ಲ; ಸಾಲ ತೀರುವವರೆಗೆ ಬಲೆಗೆ ಬಿದ್ದದ್ದೆಲ್ಲ ತನಗೇ, ತಾನು ಹೇಳಿದ ರೇಟಿಗೇ ಅಂದ. ಅಲ್ಲಿಗೆ ಅವರ ಜುಟ್ಟು ಅವನ ಕೈಗೆ ಸಿಕ್ಕಿತು. ಒಳ್ಳೊಳ್ಳೆ ಮೀನು ಅರ್ಧ ಬೆಲೆಗೆ ಅವನ ಲಾರಿ ಹತ್ತುತ್ತಿತ್ತು. ಅವನು ಬೇಡವೆಂದು ಬಿಸಾಕಿದ ಚಿಲ್ಲರೆ ಮೀನು ಹಿಡಿದುಕೊಂಡು ಓರಗಿತ್ತಿ ಸಂಜೆಯಾದರೆ ಬಾಗಿಲಿಗೆ ಬರುತ್ತಿದ್ದಳು.

"ಅಕ್ಕಾ, ಒಂದ್ ಮೂಲೇಲಿ ಇಟ್ಕೊಳ್ಲಾ? ಬೆಳಗ್ಗೆ ಮಾರ್ಕೊಳ್ತೀನಿ."

ಎರಡು ವರ್ಷ ಹೀಗೇ ಕಳೆಯಿತು. ಮುಚ್ಚಳ ತೆಗೆದಾಗಲೆಲ್ಲ ಲೆಕ್ಕದಕ್ಕ ಮುಖ ಕೊಟ್ಟು ಮಾತಾಡಲಾಗದೆ, ಓರಗಿತ್ತಿಯ ಮೀನಿಗೆ ಒಂದು ಹಿಡಿ ಐಸು ಜಾಸ್ತಿ ಸುರಿಯುತ್ತಿದ್ದಳು. ಸಾಲದ್ದಕ್ಕೆ ಸಿಕ್ಕವರ ಹತ್ತಿರವೆಲ್ಲ ದಲಾಲಿಯನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು.

ಒಂದು ಸಂಜೆ ಓರಗಿತ್ತಿ ತಂದದ್ದು ಒಂದು ಬೊಗಸೆ ಮೀನು, ಅಷ್ಟೇ. ಲೆಕ್ಕದಕ್ಕನಿಗೆ ತಡೆಯಲಾಗಲಿಲ್ಲ.

"ಅವತ್ತು ನೀನು ಸಭೆಗೆ ಬಂದಿದ್ದೆ. ನಾನೇ ಗೈರು ಅಂತ ಬರೆದೆ ಕಣೇ. ಬೇಕಂತಲೇ."

ಓರಗಿತ್ತಿ ಮೀನು ಜೋಡಿಸುತ್ತಲೇ ಇದ್ದಳು. "ಗೊತ್ತಕ್ಕ. ಆಮೇಲೆ ಪುಸ್ತಕ ನೋಡ್ದೆ. ಅಷ್ಟು ಅಕ್ಷರ ನಂಗೂ ಬರುತ್ತೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಜಗಳ ಆಡೋಣ ಅಂತಾನೇ ಬಂದಿದ್ದೆ. ಅಷ್ಟೊತ್ತಿಗೆ ಪೆಟ್ಟಿಗೆ ಬಂದಿತ್ತು. ಜಗಳ ಆಡಿದ್ರೆ ಈ ಮೂಲೆ ಸಿಗ್ತಿತ್ತಾ?"

ಮುಚ್ಚಳ ಹಾಕಿ, ಬೆಳಗ್ಗೆ ಬರ್ತೀನಿ ಎಂದು ಹೇಳಿ ಅವಳು ಹೊರಟಳು. ದಲಾಲಿಯನ್ನು ಬಯ್ಯಲು ಅಂದಿನಿಂದ ಲೆಕ್ಕದಕ್ಕನಿಗೆ ಬಾಯಿ ಬರಲಿಲ್ಲ.